ಸಮಸ್ಯೆ: ಕಡಲೊಳಗುರಿದತ್ತು ಹಡಗು ಮುಳುಗದು ನೋಡಾ

ಗೋಷ್ಠಿಕಾರ: ಈ ವಾರ ಭೂತದ ಹಡಗು. ಮೇಲಿನ ಸಾಲೇ ಕೊನೆಯ ಸಾಲಾಗುವಂತೆ ಪದ್ಯ ಪೂರೈಸಿ. ನಾಲ್ಕು ಸಾಲಿನ ಹಳೇ ಛಂದಸ್ಸು ಕಂದದಲ್ಲೇ ಬರಲಿ. 1738ರಲ್ಲಿ ಅಟ್ಲಾಂಟಿಕ್‌ನ ಬ್ಲಾಕ್ ದ್ವೀಪಕ್ಕೆ ಅಪ್ಪಳಿಸಿದ ‘ಪ್ರಿನ್ಸೆಸ್ ಅಗಸ್ಟಾ’ದ ಕಥೆ ಓದುವಾಗ ಹೊಳೆದ ಸಾಲು. ಆ ಹಡಗು ಉರಿಯುತ್ತಾ ಕಾಣುತ್ತದೆ ಅನ್ನೋದು ಅಲ್ಲಿನ ಹಳೇ ನಂಬಿಕೆ.

ಅಲೆಮಾರಿ:
ಒಡೆದುದು ಬಂಡೆಗೆ ತಾಗುತೆ
ಮಡಿದರು ನಾವಿಕರು ಕೂಗು ಮಡಿಯದದಿನ್ನುಂ
ತಡಿಯಜ್ಜಿ ಹೇಳ್ವಳಿರುಳೊಳ್
ಕಡಲೊಳಗುರಿದತ್ತು ಹಡಗು ಮುಳುಗದು ನೋಡಾ

ಪ್ರಾಸಪ್ರಿಯೆ: ಚೆನ್ನಾಗಿದೆ. ಮಡಿದರು, ಮಡಿಯದು ಹಿಡಿಸಿತು.

ಲಘುಗುರು: ಸರಿ. ನನಗೆ ದೆವ್ವ ಬೇಡ, ಬೆಳಕೇ ಸಾಕು.
ಪಡುವಣ ಸೂರ್ಯನ ಕೆಂಪೊಳ್
ಬಡಗಣ ಕುಳಿರ್ಗಾಳಿ ಹಾಸೆ ಬೆಳಕದು ಬಾಗಲ್
ನಡುಬಾನಿಗೇರಿ ತೇಲುತೆ
ಕಡಲೊಳಗುರಿದತ್ತು ಹಡಗು ಮುಳುಗದು ನೋಡಾ

ಅಲೆಮಾರಿ: ಎರಡನೇ ಸಾಲು ಎಡವಿದೆ. ‘ಕುಳಿರ್ಗಾಳಿ’ಯಲ್ಲಿ ಒಂದು ಮಾತ್ರೆ, ಅಂದರೆ ಉಚ್ಚಾರದ ಅಳತೆ, ಜಾಸ್ತಿ.

ಲಘುಗುರು: ಶಿಥಿಲದ್ವಿತ್ವ ಸ್ವಾಮಿ, ಒತ್ತಕ್ಷರವನ್ನು ಸಡಿಲವಾಗಿ ಉಚ್ಚರಿಸಿ ಅದರ ಹಿಂದಿನ ಅಕ್ಷರಕ್ಕೆ ಒಂದೇ ಮಾತ್ರೆ ಎಣಿಸೋದು. ತೇಲಿಸಿ ಓದಿ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಶಿಥಿಲಕ್ಕೆ ಜಾಗ ಕೊಟ್ಟಿದ್ದಾನೆ.

ಅಲೆಮಾರಿ: ಕೊಟ್ಟಿದ್ದಾನೆ, ಗೊತ್ತು. ಹೋದ ಸಲ ನಾನು ‘ಅಮರ್ದು’ ಬರೆದಾಗ ಈಗಿನ ಕಿವಿಗೆ ಅದು ಒಗ್ಗಲ್ಲ ಅಂದವರು ಯಾರು? ನೀವೇ ಅಲ್ವಾ?

ಲಘುಗುರು: ಅಲ್ಲಿ ಸುತ್ತಲೂ ಹೊಸಗನ್ನಡ ಇತ್ತು. ಇಲ್ಲಿ ‘ಕೆಂಪೊಳ್’, ‘ಬಾಗಲ್’ ಇವೆ. ನಂಟರ ಜೊತೆ ಕೂತಿದೆ.

ಅಲೆಮಾರಿ: ‘ಬೆಳಕದು’ ಯಾವ ಹಳಗನ್ನಡ? ನಿಮ್ಮ ಪದ್ಯಕ್ಕೊಂದು ತಕ್ಕಡಿ, ನಮ್ಮದಕ್ಕೊಂದು.

ಪ್ರಾಸಪ್ರಿಯೆ: ‘ಚಳಿಗಾಳಿ’ ಅಂದುಬಿಡಿ. ಜಗಳವೇ ಇಲ್ಲ.

ಲಘುಗುರು: ಚಳಿಗಾಳಿ ಬೀಸುತ್ತದೆ, ಹಾಸುವುದಿಲ್ಲ. ನನಗೆ ಬೇಕಾದದ್ದು ನೀರಿನ ಮೇಲೆ ಸುಮ್ನೆ ಮಲಗಿರುವ ತಂಪು. ಕೆಳಗೆ ತಣ್ಣನೆಯ ಪದರ, ಮೇಲೆ ಬೆಚ್ಚನೆಯದು. ಆಗ ಬೆಳಕು ಬಾಗುತ್ತದೆ. ದೂರದ ಹಡಗು ಮೇಲೆದ್ದು ತೇಲಿದಂತೆ ಕಾಣುತ್ತದೆ. ಫಾಟಾ ಮೋರ್ಗಾನಾ ಅಂತಾರಲ್ಲ, ಅದು. ಆ ಇಡೀ ನೋಟ ‘ಕುಳಿರ್’ ಒಂದರಲ್ಲೇ ಇದೆ. ಅದನ್ನು ಬಿಡಲಾರೆ.

ಗೋಷ್ಠಿಕಾರ: ನೋಟದ ಮಾತು ಬಂತಲ್ಲ. 1881ರ ಜುಲೈ 11ರಂದು ಆಸ್ಟ್ರೇಲಿಯಾದ ಕರಾವಳಿಯಾಚೆ ಬ್ರಿಟಿಷ್ ನೌಕಾಪಡೆಯ ‘ಬಕಾಂಟೆ’ ಹಡಗಿನವರು ದಂತಕಥೆಯ ಭೂತದ ಹಡಗು ‘ಫ್ಲೈಯಿಂಗ್ ಡಚ್‌ಮನ್’ ಕಂಡೆವು ಎಂದು ಬರೆದಿಟ್ಟರು. ಮೈಯೆಲ್ಲ ಕೆಂಪು ಬೆಳಕಿನ ಹಡಗಂತೆ. ಹತ್ತಿರ ಹೋದರೆ ಏನೂ ಇಲ್ಲ.

ಅಲೆಮಾರಿ: ಅದು ಕಂಡದ್ದು ಬೆಳಗಿನ ಜಾವ 4 ಗಂಟೆಗೆ! ನಿಮ್ಮ ಪಡುವಣ ಸೂರ್ಯ ಆಗ ಎಲ್ಲಿದ್ದ ಲಘುಗುರುಗಳೇ?

ಲಘುಗುರು: ಆ ಹಡಗಿಗೆ ನಾಳೆ ಬೇರೆ ಕಂದ ಬರೆಯುತ್ತೇನೆ. ಸೂರ್ಯನನ್ನು ಬೇಕಾದರೆ ತೆಗೆಯುತ್ತೇನೆ. ಕುಳಿರ್ಗಾಳಿ ಅಲ್ಲೂ ಇರುತ್ತದೆ.