ಮಗ ಚಿತ್ರಕಥೆ ಬಿಟ್ಟು ಬೇರೇನೂ ಓದುತ್ತಿಲ್ಲ, ಬಿಡಿಸಬೇಕಾ?

ಸುಂಟಿಕೊಪ್ಪದ ಅಮ್ಮ

ನಮಸ್ಕಾರ ಎಲ್ಲರಿಗೂ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮನೆಯಲ್ಲಿ ನಾವು ಮಾತಾಡುವುದು ಅರೆಭಾಷೆ. ಶಾಲೆ ಇಂಗ್ಲಿಷ್ ಮೀಡಿಯಂ. ಕನ್ನಡ ಅವನಿಗೆ ದಿನಕ್ಕೆ ಒಂದು ಪೀರಿಯಡ್ ಅಷ್ಟೇ. ಪಾಠ ಓದು ಅಂದರೆ ಪುಸ್ತಕ ಮಡಚಿಟ್ಟು ಎದ್ದು ಹೋಗುತ್ತಾನೆ.

ಈ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಟಿವಿ ಇಲ್ಲ, ಮೊಬೈಲಿಗೆ ಚಾರ್ಜ್ ಇಲ್ಲ. ಅಟ್ಟದ ಟ್ರಂಕ್‌ನಲ್ಲಿ ನಮ್ಮ ಯಜಮಾನರು ಚಿಕ್ಕವರಿದ್ದಾಗ ಕೂಡಿಟ್ಟ ಬಾಲಮಂಗಳ ಮಕ್ಕಳ ಪತ್ರಿಕೆಗಳು ಸಿಕ್ಕವು. ಒಳ್ಳೆ ಮುಗ್ಗಲು ವಾಸನೆ. ಇವನು ಒಲೆ ಪಕ್ಕ ಕೂತು ಅದರಲ್ಲಿ ಬರುವ ಡಿಂಗನ ಚಿತ್ರಕಥೆ ಹಿಡಿದ. ಮೊದಲ ದಿನ ಬರೀ ಚಿತ್ರ ನೋಡಿದ. ಮೂರನೇ ದಿನ ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದ. "ಅಮ್ಮ, ಹೊಂಚು ಅಂದ್ರೆ ಎಂತ?" ಅಂತ ಕೇಳಿದ. ಅವನು ತಾನಾಗಿ ಒಂದು ಕನ್ನಡ ಪದದ ಅರ್ಥ ಕೇಳಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

ಈಗ ಅವನಿಗೆ ಅದೇ ಬೇಕು. ಆದರೆ ಅವನ ಟೀಚರ್, ಚಿತ್ರದ ಪುಸ್ತಕ ಕೊಟ್ಟರೆ ಅಕ್ಷರ ಓದುವ ಅಭ್ಯಾಸವೇ ತಪ್ಪಿಹೋಗುತ್ತದೆ ಅನ್ನುತ್ತಾರೆ. ನಮ್ಮ ಅತ್ತೆಯವರೂ ಅದನ್ನೇ ಹೇಳುತ್ತಾರೆ. ನಿಜವಾ? ಬಿಡಿಸಬೇಕಾ?

ಪೊನ್ನಂಪೇಟೆಯ ಅಪ್ಪ

ಮೇಡಂ, ಸ್ವಲ್ಪ ಹುಷಾರು. ನನ್ನ ಮಗಳು ಒಂದು ಗಂಟೆಗೆ ಐದಾರು ಕಾಮಿಕ್ಸ್ ಮುಗಿಸುತ್ತಾಳೆ. ಕಥೆ ಏನು ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಸುಮ್ನೆ ಪುಟ ತಿರುಗಿಸುವುದು ಓದು ಆಗುತ್ತಾ?

ನಿವೃತ್ತ ಮೇಷ್ಟ್ರು, ಶನಿವಾರಸಂತೆ

ಸುಂಟಿಕೊಪ್ಪದ ತಂಗಿ, ದಯವಿಟ್ಟು ಬಿಡಿಸಬೇಡಿ. 31 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದವನು ಹೇಳುತ್ತಿದ್ದೇನೆ.

ನಮ್ಮ ಕೊಡಗಿನ ಒಂದು ಕ್ಲಾಸಿನಲ್ಲಿ ಎಷ್ಟು ಭಾಷೆ ಇರುತ್ತದೆ ನೋಡಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ. ತೋಟದ ಕೆಲಸಗಾರರ ಲೈನ್‌ಮನೆಯಿಂದ ಬರುವ ಮಕ್ಕಳಲ್ಲಿ ತಮಿಳು. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯ ಮಾತೂ ಅಲ್ಲ. ಚಿತ್ರಕಥೆಯಲ್ಲಿ ಇರುವುದು ಜನ ಆಡುವ ಮಾತು. "ಅಯ್ಯೋ, ಓಡು!" "ಬಿಡೋ ನನ್ನ!" ಯಾರು ಹೇಳಿದರು, ಸಿಟ್ಟಿನಲ್ಲಾ, ಹೆದರಿಕೆಯಲ್ಲಾ, ಅದನ್ನು ಮುಖವೇ ಹೇಳುತ್ತದೆ. ನಿಮ್ಮ ಮಗ ಕೇಳಿದ 'ಹೊಂಚು' ಇದೆಯಲ್ಲ, ಅದನ್ನು ಬಾಯಲ್ಲಿ ವಿವರಿಸಲು ನಾನು ತಡಕಾಡಬೇಕು. ಚಿತ್ರದಲ್ಲಾದರೆ ಪೊದೆ ಹಿಂದೆ ಕುಕ್ಕರುಗಾಲಲ್ಲಿ ಕೂತ ನರಿ, ಎಲೆ ಸಂದಿಯಲ್ಲಿ ಒಂದೇ ಕಣ್ಣು. ಆಯ್ತಲ್ವಾ?

ಒಂದು ಘಟನೆ ಹೇಳುತ್ತೇನೆ. ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ, ಮನೆಮಾತು ಯರವ. ಕ್ಲಾಸಿನಲ್ಲಿ ಬಾಯೇ ಬಿಡುತ್ತಿರಲಿಲ್ಲ. ಅವನಿಗೆ ಮೂರು ಚೌಕದ ಒಂದು ಚಿತ್ರಕಥೆ ಕೊಟ್ಟೆ. ಮೊದಲ ಚೌಕದಲ್ಲಿ ಹುಡುಗ ಹಲಸಿನ ಮರ ಹತ್ತುತ್ತಿದ್ದಾನೆ. ಎರಡನೆಯದರಲ್ಲಿ ಮರ ಮಾತ್ರ, ದೊಡ್ಡದಾಗಿ 'ಧೊಪ್' ಅಂತ ಬರೆದಿದೆ. ಮೂರನೆಯದರಲ್ಲಿ ಕೈಗೆ ಪಟ್ಟಿ. "ಬಿದ್ದ" ಅಂದ ಅವನು. ಬಿದ್ದಿದ್ದು ಎಲ್ಲಿದೆ ತೋರಿಸು ಅಂದೆ. ಸ್ವಲ್ಪ ಹೊತ್ತು ಹುಡುಕಿದ. ಆಮೇಲೆ ಎರಡು ಚೌಕದ ನಡುವಿನ ಬಿಳಿ ಜಾಗದ ಮೇಲೆ ಬೆರಳಿಟ್ಟ. ಬರೆಯದೇ ಬಿಟ್ಟದ್ದನ್ನು ಅವನೇ ತುಂಬಿಕೊಂಡಿದ್ದ. ಇದು ಓದು ಅಲ್ಲದಿದ್ದರೆ ಇನ್ಯಾವುದು ಓದು? 'ಧೊಪ್' ಅನ್ನುವುದೇ ಅವನು ನನ್ನೆದುರು ಗಟ್ಟಿಯಾಗಿ ಓದಿದ ಮೊದಲ ಪದ.

ಪೊನ್ನಂಪೇಟೆಯವರು ಹೇಳಿದ್ದೂ ಸರಿ. ಒಬ್ಬರೇ ಓದಿದರೆ ಮಕ್ಕಳು ಮಾತು ಬರೆದಿರುವ ಗುಳ್ಳೆಗಳನ್ನು ಓದದೆ ಬಿಟ್ಟು ಮುಂದೆ ಹೋಗುತ್ತಾರೆ. ಅದಕ್ಕೆ ಜೊತೆಯಲ್ಲಿ ಕೂರಬೇಕು. ಪಾತ್ರ ಹಂಚಿಕೊಳ್ಳಿ. ಮಗಳು ಡಿಂಗ, ನೀವು ಕಳ್ಳ. ಅವಳ ಮಾತು ಅವಳೇ ಓದಬೇಕು, ಇಲ್ಲದಿದ್ದರೆ ಆಟ ಮುಂದಕ್ಕೆ ಹೋಗುವುದಿಲ್ಲ.

ಇನ್ನೊಂದು, ಅಕ್ಷರದ ಗಾತ್ರ. ಇಂಗ್ಲಿಷಿನಲ್ಲಿ ಎಲ್ಲ ಒಂದೇ ಸಾಲಿನಲ್ಲಿ ಕೂರುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯಬೇಕು. ಗುಳ್ಳೆ ಚಿಕ್ಕದಾದರೆ ಒತ್ತು ಇರುವೆಯ ಹಾಗೆ ಕಾಣುತ್ತದೆ, ಮಗು ಅಲ್ಲೇ ನಿಲ್ಲುತ್ತದೆ. ತಪ್ಪು ಮಗುವಿನದ್ದಲ್ಲ. ಪುಸ್ತಕ ಆರಿಸುವಾಗ ಇದನ್ನು ಮೊದಲು ನೋಡಿ.

ಆಮೇಲೆ ತಂಗಿ, ಗುಳ್ಳೆಗಳ ಮೇಲೆ ಬಿಳಿ ಕಾಗದ ಅಂಟಿಸಿ, ಮಾತು ನಿಮ್ಮ ಮಗನೇ ಬರೆಯಲಿ. ಅರೆಭಾಷೆಯಲ್ಲೇ ಬರೆಯಲಿ, ಲಿಪಿ ಕನ್ನಡದ್ದೇ ತಾನೇ? ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನೆಲ್ಲ ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಪುಸ್ತಕ ತಂದದ್ದೂ ಕನ್ನಡ ಲಿಪಿಯಲ್ಲೇ.

ಬರೀ ಅಕ್ಷರದ ಪುಸ್ತಕಕ್ಕೆ ಅವಸರ ಬೇಡ. ರಾತ್ರಿ ಮಲಗುವಾಗ ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳನ್ನು ನೀವೇ ಓದಿ ಹೇಳಿ. ಹುತ್ತರಿ ಹಾಡು ಬರೆದ ಅವರು ನಮ್ಮ ಮಡಿಕೇರಿಯಲ್ಲೇ ಮೇಷ್ಟ್ರಾಗಿದ್ದವರು. ಕಿವಿಗೆ ಬಿದ್ದ ಕನ್ನಡ ಆಮೇಲೆ ಕಣ್ಣಿಗೂ ಪರಿಚಯ ಆಗುತ್ತದೆ.

ಪಂಚಾಯಿತಿ ಲೈಬ್ರರಿಯಿಂದ

ಅಕ್ಕ, ನಿಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ಮಗನ ಹೆಸರು ಬರೆಸಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನೆಟ್‌ವರ್ಕ್ ಸಿಕ್ಕ ದಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ ನೋಡಿ. ಕನ್ನಡದ ಚಿತ್ರಪುಸ್ತಕಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು, ಅಕ್ಷರವೂ ದೊಡ್ಡದು.

ಟೀಚರ್ ಒಪ್ಪದಿದ್ದರೆ ಅನಂತ ಪೈ ಅವರ ವಿಷಯ ಹೇಳಿ. ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಟಿವಿಯ ಒಂದು ಕ್ವಿಜ್‌ನಲ್ಲಿ ಮಕ್ಕಳು ಗ್ರೀಕ್ ದೇವರ ಹೆಸರು ಹೇಳಿದರಂತೆ, ರಾಮನ ತಾಯಿಯ ಹೆಸರು ಗೊತ್ತಾಗಲಿಲ್ಲವಂತೆ. ಆ ಬೇಸರದಲ್ಲೇ 1967ರಲ್ಲಿ ಅಮರ ಚಿತ್ರ ಕಥೆಗೆ ಕೈಹಾಕಿದರು. 1980ರಲ್ಲಿ ಮಕ್ಕಳ ಪತ್ರಿಕೆ ಟಿಂಕಲ್ ಬಂತು.

ವಿರಾಜಪೇಟೆ, ಡಿಗ್ರಿ ವಿದ್ಯಾರ್ಥಿನಿ

ಚಿತ್ರಕಥೆ ಚಿಕ್ಕ ಮಕ್ಕಳಿಗೆ ಮಾತ್ರ ಅನ್ನುವವರಿಗೆ ನಾನು 'ಭೀಮಾಯಣ' ತೋರಿಸುತ್ತೇನೆ. ಅಂಬೇಡ್ಕರ್ ಅವರ ಜೀವನ. ಚಿತ್ರ ಬರೆದವರು ಗೋಂಡ್ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಅದರಲ್ಲಿ ಚೌಕಗಳೇ ಇಲ್ಲ. ಮೃದುವಾಗಿ ಮಾತಾಡುವವರ ಗುಳ್ಳೆ ಹಕ್ಕಿಯ ಆಕಾರ. ಜಾತಿಯ ವಿಷ ಕಾರುವವರ ಗುಳ್ಳೆಗೆ ಚೇಳಿನ ಕೊಂಡಿ. ನೀರು ಕೊಡದೆ ಓಡಿಸುವ ಮಾತನ್ನು ಆ ಕೊಂಡಿಯ ಜೊತೆ ನೋಡಿದಾಗ ನನಗೆ ಮೈ ಉರಿಯಿತು. ನಿಮ್ಮ ಮಗ ಸ್ವಲ್ಪ ದೊಡ್ಡವನಾಗಲಿ, ಆಮೇಲೆ ಕೊಡಿ. ಹಾಗೇ ಗ್ರಾಫಿಕ್ ಕಾದಂಬರಿ ಅಂತ ಇರುವುದೆಲ್ಲ ಮಕ್ಕಳದ್ದಲ್ಲ, ನೀವು ಮೊದಲು ಓದಿ.

ಸುಂಟಿಕೊಪ್ಪದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿನ್ನೆ ಒಂದು ಪುಟಕ್ಕೆ ಕಾಗದ ಅಂಟಿಸಿ ಕೊಟ್ಟೆ. ಅಜ್ಜಿ ಅವನಿಗೆ ದಿನಾ ಬೈಯುವ ಮಾತನ್ನೇ ಡಿಂಗನ ಬಾಯಿಗೆ ಹಾಕಿದ್ದಾನೆ, ಅರೆಭಾಷೆಯಲ್ಲಿ! ಅತ್ತೆಯವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಎರಡು ಒತ್ತು ತಿದ್ದಿಕೊಟ್ಟರು. ಬಿಡಿಸು ಅನ್ನುವ ಮಾತು ಆಮೇಲೆ ಬರಲಿಲ್ಲ.

ಒಂದೇ ತೊಂದರೆ. ಹಳೇ ಕಾಗದ, ಗೋಂದು ತಾಗಿದ ಕಡೆ ಹರಿಯುತ್ತಿದೆ.

ನಿವೃತ್ತ ಮೇಷ್ಟ್ರು, ಶನಿವಾರಸಂತೆ

ಹಾಗಾದರೆ ಅಂಟಿಸಬೇಡಿ ತಂಗಿ, ಅದು ಅಪ್ಪನ ಆಸ್ತಿ. ಪುಟದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಕ್ಲಿಪ್ ಹಾಕಿ. ಚಿತ್ರ ಕೆಳಗಿಂದ ಕಾಣುತ್ತದೆ, ಅವನು ಮೇಲೆ ಬರೆಯಲಿ. ಬಿಸಿಲು ಬಂದ ದಿನ ಟ್ರಂಕ್‌ನ ಪುಸ್ತಕಗಳನ್ನೆಲ್ಲ ಕಣದಲ್ಲಿ ಹರಡಿ. ಅವನು ಬರೆದದ್ದನ್ನು ಇಲ್ಲಿಯೂ ಹಾಕಿ, ನಾನು ಓದಬೇಕು.