ಸಹಾಯ ಬೇಕು: ಮಾರಿಯೋಗೆ ಮಾತ್ರ ಮುಗಿಯದ ಲೈಫ್, ಲುಯಿಜಿಗೆ ಮಾಮೂಲಿ

ರೆಟ್ರೋಆರ್ಚ್ (ಹಳೆಯ ವಿಡಿಯೋ ಗೇಮ್ ಆಡಿಸೋ ಎಮ್ಯುಲೇಟರ್ ಸಾಫ್ಟ್‌ವೇರ್) ಬಲ್ಲವರು ಸ್ವಲ್ಪ ನೋಡಿ. ಆಟ 1985ರ ಸೂಪರ್ ಮಾರಿಯೋ ಬ್ರದರ್ಸ್, ಎನ್‌ಇಎಸ್ (ನಿಂಟೆಂಡೋದ ಹಳೆಯ ಗೇಮ್ ಯಂತ್ರ) ಆವೃತ್ತಿ, ಕೋರ್ (ರೆಟ್ರೋಆರ್ಚ್ ಒಳಗೆ ಆ ಯಂತ್ರದ ಆಟ ನಡೆಸೋ ಭಾಗ) ಎಫ್‌ಸಿಇಯುಎಂಎಂ. ಇಬ್ಬರು ಆಡುವಾಗ ಮಾರಿಯೋಗೆ ಮಾತ್ರ ಲೈಫ್ ಮುಗಿಯಬಾರದು (ಆಡೋದು ಚಿಕ್ಕ ಮಗು), ಲುಯಿಜಿಗೆ ಮೂರೇ ಇರಬೇಕು.

ಗೇಮ್ ಜೀನಿ (ಆಟದ ಕೋಡ್ ಬದಲಿಸೋ ಹಳೆಯ ಚೀಟ್ ಸಾಧನ) ಕೋಡ್ ಎಸ್‌ಎಕ್ಸ್‌ಐಓಪಿಓ ಇದಕ್ಕೆ ಆಗಲ್ಲ. ಅದು ಆಟದ ಕೋಡ್‌ನಲ್ಲಿ 91ಡಿ9 ವಿಳಾಸದಲ್ಲಿರೋ (ಹೆಕ್ಸ್, ಅಂದರೆ 16ರ ಆಧಾರದ ಸಂಖ್ಯೆ) ಸಿಇ ಅನ್ನು ಎಡಿ ಮಾಡುತ್ತೆ, ಅಂದರೆ ಒಂದು ಕಳೆಯೋ ಸೂಚನೆ ಬರೀ ಓದೋ ಸೂಚನೆ ಆಗಿಬಿಡುತ್ತೆ. ಯಾರು ಸತ್ತರೂ ಲೈಫ್ ಇಳಿಯಲ್ಲ.

ಮೆಮೊರಿ ವಿಳಾಸ 075ಎ ಫ್ರೀಜ್ ಮಾಡಿದರೂ (ಅಲ್ಲಿನ ಸಂಖ್ಯೆ ಬದಲಾಗದಂತೆ ಹಿಡಿದಿಟ್ಟರೂ) ಅದೇ ಕಥೆ. ಅಲ್ಲಿರೋದು ಆಗ ಆಡ್ತಿರೋರ ಲೈಫ್. ಸರದಿ ಬದಲಾದಾಗ 0761ರ ಜೊತೆ ಅದಲುಬದಲು ಆಗುತ್ತೆ. ಯಾರ ಸರದಿ ಅನ್ನೋದು 0753ರಲ್ಲಿ: ಮಾರಿಯೋ 0, ಲುಯಿಜಿ 1.

ಹಾಗಾಗಿ ಎರಡು ಚೀಟ್ ಹಾಕಿದ್ದು, ಎರಡಕ್ಕೂ ಹ್ಯಾಂಡ್ಲರ್ 'ರೆಟ್ರೋಆರ್ಚ್', ಸೈಜ್ 8 ಬಿಟ್. ಮೊದಲನೆಯದು ವಿಳಾಸ 1875 (ಹೆಕ್ಸ್‌ನಲ್ಲಿ 753), ಟೈಪ್ 'ರನ್ ನೆಕ್ಸ್ಟ್ ಚೀಟ್ ಇಫ್ ವ್ಯಾಲ್ಯೂ = ಮೆಮೊರಿ' (ಅಲ್ಲಿ ಆ ವ್ಯಾಲ್ಯೂ ಇದ್ದರೆ ಮಾತ್ರ ಮುಂದಿನ ಚೀಟ್ ನಡೆಸು), ವ್ಯಾಲ್ಯೂ 0. ಎರಡನೆಯದು ವಿಳಾಸ 1882 (75ಎ), 'ಸೆಟ್ ಟು ವ್ಯಾಲ್ಯೂ', 8. ಪರದೆ ಮೇಲೆ ಒಂದು ಹೆಚ್ಚಾಗಿ 9 ಅಂತ ಕಾಣುತ್ತೆ, ಅದು ಸರಿಯೇ. 127 ಮಾತ್ರ ದಾಟಿಸಬೇಡಿ, ಆಟ ಅದನ್ನು ಮೈನಸ್ ಅಂದುಕೊಂಡು ಗೇಮ್ ಓವರ್ ಮಾಡುತ್ತೆ.

'ಅಪ್ಲೈ ಚೇಂಜಸ್' ಒತ್ತಿದ್ದಾಗಿದೆ. ಆದರೂ ಲುಯಿಜಿಗೂ 9 ಬರ್ತಿದೆ. ನನ್ನ ಸೆಟ್ಟಿಂಗ್‌ನಲ್ಲೇ ಎಲ್ಲೋ ತಪ್ಪಿದೆ ಅನ್ಸುತ್ತೆ. ಎರಡನೇ ಚೀಟನ್ನೂ ಆನ್ ಇಡಬೇಕಾ, ಇಲ್ಲ ಆಫ್ ಇಟ್ಟು ಮೊದಲನೆಯದಕ್ಕೇ ಬಿಡಬೇಕಾ? ಪಟ್ಟಿಯಲ್ಲಿ ಇವೆರಡರ ಮಧ್ಯೆ ಆಫ್ ಆಗಿರೋ ಹಳೆಯ ಚೀಟ್ ಒಂದಿದೆ, 'ನೆಕ್ಸ್ಟ್' ಅಂದರೆ ಅದನ್ನೇ ಹಿಡೀತಿದೆಯಾ? ಹೀಗೆ ಮಾಡಿ ನೋಡಿದವರು ಹೇಳಿ.