ನೈಸಿಯಾದಲ್ಲಿ ಓಟು ಹಾಕಿ ಯೇಸುವನ್ನು ದೇವರು ಮಾಡಿದರಾ? ಏಳನೇ ಕ್ಲಾಸಿನ ಹುಡುಗಿಗೆ ಉತ್ತರ ಹೇಳಬೇಕು

ಕೌಲ್‌ಬಜಾರ್ ಕಟಿಂಗ್ ಮಾಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. ವಾರದಲ್ಲಿ ಆರು ದಿನ ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುತ್ತೇನೆ. ಓದಿದ್ದು ಪಿಯುಸಿ. ದೇವಶಾಸ್ತ್ರ ಗೀವಶಾಸ್ತ್ರ ಏನೂ ಗೊತ್ತಿಲ್ಲ. ಮೊದಲು ಕಲಿಸುತ್ತಿದ್ದ ಸಿಸ್ಟರ್‌ಗೆ ಬೇರೆ ಊರಿಗೆ ವರ್ಗವಾಯಿತು. "ಸ್ವಲ್ಪ ದಿನ ನೋಡಿಕೊಳ್ಳಿ" ಅಂದು ಹೋದರು. ಆ ಸ್ವಲ್ಪ ದಿನಕ್ಕೆ ಈಗ ನಾಲ್ಕು ವರ್ಷ.

ಹೋದ ವಾರ ವಿಶ್ವಾಸ ಪ್ರಮಾಣದ ಪಾಠ, ಅಂದರೆ ನಾವು ಏನು ನಂಬುತ್ತೇವೆ ಅಂತ ಪೂಜೆಯಲ್ಲಿ ಹೇಳುವ ಪ್ರಾರ್ಥನೆ. ಚಿಕ್ಕದಲ್ಲ, ಉದ್ದದ್ದು, ನೈಸಿಯಾದ್ದು. 325ರಲ್ಲಿ ಈಗಿನ ಟರ್ಕಿಯ ನೈಸಿಯಾ ಊರಿನಲ್ಲಿ ಬಿಷಪರೆಲ್ಲ ಮಹಾಸಭೆ ಸೇರಿ ಯೇಸು ದೇವರೇ ಅಂತ ಘೋಷಿಸಿದರು ಅಂತ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು. "ಸರ್, ಅಂದ್ರೆ 324ರಲ್ಲಿ ಯೇಸು ದೇವರಾಗಿರಲಿಲ್ವಾ? ಓಟು ಹಾಕಿ ಮಾಡಿದ್ರಾ?" ಅವಳ ಅಪ್ಪ ವಾರ್ಡ್ ಎಲೆಕ್ಷನ್‌ಗೆ ನಿಂತು ಹನ್ನೊಂದು ಓಟಿನಲ್ಲಿ ಸೋತವರು. ಆ ಮನೆಯಲ್ಲಿ ಓಟಿನ ಮಾತು ಜಾಸ್ತಿ.

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. "ಮುಂದಿನ ವಾರ ಹೇಳುತ್ತೇನೆ" ಅಂದುಬಿಟ್ಟೆ. ಈಗ ಬಟ್ಟೆ ಮೇಲೆ ಮಷೀನ್ ಓಡಿಸುವಾಗಲೂ ಅದೇ ಪ್ರಶ್ನೆ ತಲೆಯಲ್ಲಿ. ಫಾದರ್ ಹತ್ತಿರ ಕೇಳಿದೆ. ಅವರು ಹಬ್ಬದ ಓಡಾಟದಲ್ಲಿದ್ದರು. "ಪವಿತ್ರಾತ್ಮರು ನಡೆಸಿದರು ಅಂತ ಹೇಳಿ" ಅಂದರು. ಸರಿ, ಅದು ನಮ್ಮ ನಂಬಿಕೆ. ಆದರೆ ಆ ಹುಡುಗಿ ಅಷ್ಟಕ್ಕೆ ಬಿಡುವವಳಲ್ಲ.

ನಿಜವಾಗಿಯೂ ಓಟು ಹಾಕಿದರಾ? ಇಂಥ ಮಹಾಸಭೆಗಳು ಒಟ್ಟು 21 ಅಂತೆ. ಅಷ್ಟು ಯಾಕೆ ಬೇಕಾದವು? ಒಂದೇ ಸಲ ಕೂತು ಎಲ್ಲ ಬರೆದು ಮುಗಿಸಬಹುದಿತ್ತು ಅಲ್ವಾ?

ಮುದಗಲ್ಲಿನ ಮಾಸ್ತರ:

ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಶಾಭಾಸ್ ಹೇಳಿ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದೆ, ಇಂಥ ಪ್ರಶ್ನೆ ಬಂದದ್ದು ಕಡಿಮೆ. (ನಮ್ಮೂರಿಗೆ ಮೊಹರಂ ನೋಡಲು ಎಲ್ಲರೂ ಬರುತ್ತಾರೆ. ಆದಿಲ್‌ಶಾಹಿ ಕಾಲದಿಂದ ಇಲ್ಲಿ ಕ್ಯಾಥೋಲಿಕರೂ ಇದ್ದೇವೆ ಅಂದರೆ ನಂಬುವುದಿಲ್ಲ. ಇರಲಿ.)

324ರ ಮಾತು ಮೊದಲು. ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ಗವರ್ನರ್ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಈ ಕ್ರೈಸ್ತರು ಬೆಳಕು ಹರಿಯುವ ಮೊದಲೇ ಸೇರಿ, ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆ ಅಂತ ಅದರಲ್ಲಿದೆ. ಪ್ಲಿನಿ ಕ್ರೈಸ್ತನಲ್ಲ. ಅವರನ್ನು ಹಿಡಿದು ಶಿಕ್ಷಿಸುತ್ತಿದ್ದವನು. ಅವನು ಗವರ್ನರ್ ಆಗಿದ್ದದ್ದು ಬಿಥೂನಿಯಾ ಪ್ರಾಂತ್ಯಕ್ಕೆ. ನೈಸಿಯಾ ಊರು ಇರುವುದೂ ಅದೇ ಬಿಥೂನಿಯಾದಲ್ಲಿ. ಅಂದರೆ ಮಹಾಸಭೆಗೆ ಇನ್ನೂರು ವರ್ಷ ಮೊದಲೇ ಆ ಸೀಮೆಯ ಜನ ಹಾಡುತ್ತಿದ್ದರು. ಹಾಡು ಮೊದಲು ಬಂತು, ಠರಾವು ಆಮೇಲೆ.

ಹಾಗಾದರೆ ಜಗಳ ಯಾಕೆ? ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಆರಿಯುಸ್ ಅಂತ ಒಬ್ಬ ಪಾದ್ರಿ ಇದ್ದ. ಅವನ ಲೆಕ್ಕ ಕೇಳಲು ಬಹಳ ಸರಳ. ಅಪ್ಪ ಅಂದ ಮೇಲೆ ಮಗನಿಗಿಂತ ಮೊದಲು ಇದ್ದಿರಬೇಕು. ಹಾಗಾಗಿ ಮಗ ಇಲ್ಲದ ಕಾಲವೂ ಒಂದಿತ್ತು. ಮಗ ಎಲ್ಲ ಸೃಷ್ಟಿಗಿಂತ ದೊಡ್ಡವನು, ಆದರೂ ಸೃಷ್ಟಿಯೇ. ಇದನ್ನು ಅವನು ಪದ ಕಟ್ಟಿ ಹಬ್ಬಿಸಿದ. ಹಡಗಿನವರಿಗೊಂದು, ಹಿಟ್ಟು ಬೀಸುವವರಿಗೊಂದು. ನಮ್ಮ ಬೀಸುಕಲ್ಲಿನ ಪದಗಳ ಹಾಗೇ ಅಂದುಕೊಳ್ಳಿ. ಜನರ ಬಾಯಿಗೆ ಬಿದ್ದ ಮೇಲೆ ಕೇಳಬೇಕೇ?

ಕಾನ್‌ಸ್ಟಾಂಟಿನ್ ಚಕ್ರವರ್ತಿಗೆ ರಾಜ್ಯದಲ್ಲಿ ಶಾಂತಿ ಬೇಕಿತ್ತು. ಸಭೆ ಕರೆದ. ಆಗ ಅವನಿಗೆ ಕ್ರೈಸ್ತನಾಗುವ ದೀಕ್ಷಾಸ್ನಾನವೇ ಆಗಿರಲಿಲ್ಲ. ಅದು ಆದದ್ದು 337ರಲ್ಲಿ, ಸಾಯುವ ಹೊತ್ತಿಗೆ. ಬಂದ ಬಿಷಪರಲ್ಲಿ ಹಳೆಯ ಹಿಂಸೆಯ ಕಾಲದ ಗಾಯ ಮೈಮೇಲೆ ಹೊತ್ತವರೂ ಇದ್ದರು. ಅವರು ಒಂದು ಗ್ರೀಕ್ ಪದ ಹಿಡಿದರು, ಹೋಮೊಊಸಿಯೋಸ್. ಮಗ ತಂದೆಯದೇ ತತ್ವದವನು ಅಂತ. ಮುಂದೆ ರಾಜಿ ಮಾಡಿಸಲು ಬಂದ ಕೆಲವರು ನಡುವೆ ಒಂದು 'ಇ' ಸೇರಿಸಿ ಹೋಮೊಇಊಸಿಯೋಸ್ ಅಂದರು. ಕನ್ನಡದಲ್ಲಿ ಹೇಳುವುದಾದರೆ ಮೊದಲನೆಯದು 'ಅದೇ', ಎರಡನೆಯದು 'ಅಂಥದೇ'. ಇಷ್ಟೇ ವ್ಯತ್ಯಾಸ. ಇಷ್ಟಕ್ಕೇ ಊರು ಊರು ಒಡೆದವು.

ಇನ್ನು ಓಟು. ಕೊನೆಗೆ ಹಾಳೆಗೆ ಸಹಿ ಹಾಕಬೇಕಿತ್ತು. ಹಾಕಲ್ಲ ಅಂತ ಕೊನೆವರೆಗೂ ನಿಂತವರು ಇಬ್ಬರೇ ಬಿಷಪರು, ಇಬ್ಬರೂ ಲಿಬಿಯಾ ಕಡೆಯವರು. ಆರಿಯುಸ್ ಜೊತೆ ಅವರನ್ನೂ ಗಡಿಪಾರು ಮಾಡಿದರು. ಹುಡುಗಿಗೆ ಇದನ್ನು ಮುಚ್ಚಿಡಬೇಡಿ. ಚಕ್ರವರ್ತಿಯ ಒತ್ತಡ ಇತ್ತು.

ಆದರೆ ಮುಂದಿನದನ್ನೂ ಹೇಳಿ. 359ರಲ್ಲಿ ಇಟಲಿಯ ರಿಮಿನಿಯಲ್ಲಿ ಇನ್ನೊಂದು ಸಭೆ ಆಯಿತು. ಆಗ ಬೇರೆ ಚಕ್ರವರ್ತಿ, ಕಾನ್‌ಸ್ಟಾಂಟಿನ್‌ನ ಮಗ. ಇವನ ಒಲವು ಆರಿಯುಸ್ ಕಡೆಯವರತ್ತ. ನಾನೂರಕ್ಕಿಂತ ಹೆಚ್ಚು ಬಿಷಪರು ಸೇರಿದ್ದರು, ನೈಸಿಯಾಕ್ಕಿಂತ ಜಾಸ್ತಿ. ತಿಂಗಳುಗಟ್ಟಲೆ ಕೂಡಿಹಾಕಿ, ಹೆದರಿಸಿ, 'ತಂದೆಯನ್ನು ಹೋಲುವವನು' ಅನ್ನುವ ಸಡಿಲ ಮಾತಿಗೆ ಸಹಿ ಹಾಕಿಸಿದರು. ತಲೆ ಎಣಿಸಿದರೆ ಅದೇ ಗೆಲ್ಲಬೇಕಿತ್ತು. ಇವತ್ತು ಆ ಸಭೆ 21ರ ಪಟ್ಟಿಯಲ್ಲೇ ಇಲ್ಲ. ಊರಿಗೆ ವಾಪಸ್ ಹೋದ ಬಿಷಪರೇ ಒಬ್ಬೊಬ್ಬರಾಗಿ ಆ ಸಹಿ ಕೈಬಿಟ್ಟರು. ನೈಸಿಯಾದ ಪರ ನಿಂತ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯುಸ್‌ನನ್ನು ಐದು ಸಲ ಗಡಿಪಾರು ಮಾಡಿದರೂ ಆ ಮಾತು ಸಾಯಲಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಎರಡನೇ ಮಹಾಸಭೆ ಅದನ್ನೇ ಮತ್ತೆ ಎತ್ತಿ ಹಿಡಿಯಿತು, ಪವಿತ್ರಾತ್ಮರ ಬಗ್ಗೆ ಸಾಲುಗಳೂ ಸೇರಿದವು. ನೀವು ಭಾನುವಾರ ಹೇಳುವ ಉದ್ದದ ಪ್ರಮಾಣಕ್ಕೆ ಈ ರೂಪ ಬಂದದ್ದು ಆಗ. ಲೆಕ್ಕ ಹಾಕಿ, 56 ವರ್ಷ.

ಒಂದೇ ಸಲ ಯಾಕೆ ಮುಗಿಸಲಿಲ್ಲ ಅಂದಿರಿ. ಮನೆ ಪಾಲು ಪತ್ರ ಯಾವಾಗ ಬರೆಸುತ್ತಾರೆ? ಜಗಳ ಬಂದಾಗ. ಇಲ್ಲೂ ಹಾಗೇ. 431ರಲ್ಲಿ ಎಫೆಸದಲ್ಲಿ ಕೇಳಿದ್ದು, ಮರಿಯಮ್ಮನನ್ನು ದೇವಮಾತೆ ಅನ್ನಬಹುದೇ ಅಂತ. ಬೇಡ, ಕ್ರಿಸ್ತಮಾತೆ ಅನ್ನೋಣ ಅಂದ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ನೆಸ್ತೋರಿಯುಸ್ ಸೋತ. ನೀವು ಜಪಸರದಲ್ಲಿ "ಸಂತ ಮರಿಯ, ದೇವಮಾತೆಯೇ" ಅನ್ನುವಾಗಲೆಲ್ಲ ಎಫೆಸದ ತೀರ್ಪು ಓದುತ್ತಿದ್ದೀರಿ. ಇಪ್ಪತ್ತೇ ವರ್ಷಕ್ಕೆ, 451ರಲ್ಲಿ, ಕಲ್ಸೆದೋನ್ ಊರಿನ ಮಹಾಸಭೆ. ಯೇಸು ದೇವರೂ ಹೌದು, ಮನುಷ್ಯನೂ ಹೌದು, ಸರಿ. ಎರಡೂ ಒಬ್ಬನಲ್ಲಿ ಹೇಗೆ? ಅವರು ಬರೆದದ್ದು ನಾಲ್ಕು ಪದ. ಬೆರೆಯದೆ, ಬದಲಾಗದೆ, ಒಡೆಯದೆ, ಅಗಲದೆ. ನಾಲ್ಕೂ 'ದೆ'. ಗ್ರೀಕಿನಲ್ಲೂ ನಾಲ್ಕೂ ನಿಷೇಧವೇ. ಹೇಗೆ ಅಂತ ಹೇಳಲೇ ಇಲ್ಲ, ಹೇಗಲ್ಲ ಅಂತ ಹೇಳಿದರು. ಹೊಲಕ್ಕೆ ನಾಲ್ಕೂ ಕಡೆ ಬದು ಹಾಕಿದರು, ನಡುವೆ ಏನನ್ನೂ ಕಟ್ಟಲಿಲ್ಲ. ನನ್ನನ್ನು ಕೇಳಿದರೆ 21 ಸಭೆಗಳಲ್ಲಿ ಇದಕ್ಕಿಂತ ಚೆಂದದ ಸಾಲು ಇಲ್ಲ.

ತೋರಣಗಲ್ಲು ನೈಟ್ ಶಿಫ್ಟ್:

ಮಾಸ್ತರ್, ನನ್ನ ರೂಮ್‌ಮೇಟ್ ಕೇರಳದವನು, ಸಿರಿಯನ್ ಆರ್ಥೊಡಾಕ್ಸ್. ಅವರು ಒಪ್ಪುವುದು ಮೊದಲ ಮೂರೇ ಸಭೆ. ನಿಮ್ಮ ನಾಲ್ಕು 'ದೆ' ತೋರಿಸಿದೆ. "ಇದಕ್ಕೇ ನಾವು ಬೇರೆ ಆದದ್ದು" ಅಂದ. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮಿರ್ಚಿ ಒಗ್ಗರಣೆ ತಿಂದೆವು.

ಮುದಗಲ್ಲಿನ ಮಾಸ್ತರ:

ಅವನು ಹೇಳಿದ್ದು ಸರಿ. ಈಜಿಪ್ಟಿನ ಕಾಪ್ಟಿಕರು, ಅರ್ಮೇನಿಯದವರೂ ಅದೇ ಸಾಲಿನವರು. 1984ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮತ್ತು ಸಿರಿಯನ್ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥರಾದ ಪಿತಾಮಹರು ಜೊತೆಯಾಗಿ ಒಂದು ಹೇಳಿಕೆಗೆ ಸಹಿ ಹಾಕಿದರು. ನಮ್ಮ ನಂಬಿಕೆ ಬೇರೆ ಅಲ್ಲ, ಪದ ಮತ್ತು ಸಂಸ್ಕೃತಿಯ ವ್ಯತ್ಯಾಸದಿಂದ ಬೇರೆಯಾದೆವು ಅಂತ. 1,500 ವರ್ಷ ಬೇಕಾಯಿತು ನೋಡಿ.

ಕೊಪ್ಪಳ ಗಡಿಯಾರ ಕಂಬ:

ನೈಸಿಯಾದಲ್ಲೇ ಬೈಬಲ್‌ಗೆ ಯಾವ ಪುಸ್ತಕ ಸೇರಿಸಬೇಕು ಅಂತ ಆರಿಸಿದರು, ಬೇಡದ್ದನ್ನು ಸುಟ್ಟರು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ? ಮತ್ತೆ ಪೋಪ್ ತಪ್ಪೇ ಮಾಡುವುದಿಲ್ಲ ಅಂತ ಯಾವುದೋ ಸಭೆಯಲ್ಲಿ ತೀರ್ಮಾನ ಆಗಿದೆಯಂತೆ. ನಗು ಬರುವುದಿಲ್ವಾ?

ಮುದಗಲ್ಲಿನ ಮಾಸ್ತರ:

ಆಗಲಿಲ್ಲ, ಅದಕ್ಕೇ ಹೇಳುತ್ತಿಲ್ಲ. ನೈಸಿಯಾದ 20 ನಿಯಮಗಳು ಉಳಿದಿವೆ. ಭಾನುವಾರ ಮೊಣಕಾಲೂರದೆ ನಿಂತು ಪ್ರಾರ್ಥಿಸಬೇಕು ಅಂತ ಸಹ ಇದೆ, ಬೈಬಲ್ ಪಟ್ಟಿಯ ಮಾತಿಲ್ಲ. ಸುಟ್ಟದ್ದು ಆರಿಯುಸ್‌ನ ಬರಹಗಳನ್ನು, ಚಕ್ರವರ್ತಿಯ ಆಜ್ಞೆ ಮೇಲೆ. ಪುಸ್ತಕಗಳ ಪಟ್ಟಿಯನ್ನು ಕಟ್ಟುನಿಟ್ಟಾಗಿ ಮುದ್ರೆ ಒತ್ತಿ ಹೇಳಿದ್ದು ತ್ರೆಂತ್ ಮಹಾಸಭೆ, 1546ರಲ್ಲಿ. ಆಗ ಎದುರಿಗೆ ಪ್ರೊಟೆಸ್ಟೆಂಟ್ ಚಳವಳಿ ಶುರು ಮಾಡಿದ ಲೂಥರ್ ಎಬ್ಬಿಸಿದ ಪ್ರಶ್ನೆಗಳಿದ್ದವು. ಆ ಸಭೆ ನಿಂತು ನಿಂತು 1563ರವರೆಗೆ ಎಳೆಯಿತು. ಏಳು ಸಂಸ್ಕಾರ, ಪಾದ್ರಿಗಳಿಗೆ ಸೆಮಿನರಿ, ಮದುವೆಗೆ ಪಾದ್ರಿ ಜೊತೆ ಇಬ್ಬರು ಸಾಕ್ಷಿ, ಎಲ್ಲ ಅಲ್ಲಿಯವೇ.

ಪೋಪ್ ವಿಷಯ 1870ರ ಮೊದಲನೇ ವ್ಯಾಟಿಕನ್ ಮಹಾಸಭೆ. ಅದೂ ಪೋಪ್ ಆಡಿದ್ದೆಲ್ಲ ಸರಿ ಅಂತಲ್ಲ. ನಂಬಿಕೆ ಅಥವಾ ನೀತಿಯ ವಿಷಯದಲ್ಲಿ, ತಮ್ಮ ಪೀಠದ ಅಧಿಕಾರದಿಂದ, ಇಡೀ ಧರ್ಮಸಭೆಗೆ ಅಂತಿಮವಾಗಿ ಘೋಷಿಸಿದಾಗ ಮಾತ್ರ. 1950ರಲ್ಲಿ ಮರಿಯಮ್ಮನ ಸ್ವರ್ಗಾರೋಹಣ ಘೋಷಿಸಿದ್ದು ಹಾಗೆ. ಮತ್ತೆ, 1870ರ ಆ ಸಭೆಯಲ್ಲಿ ನಿಜವಾಗಿಯೂ ಓಟು ಇತ್ತು. ಪರ 533, ವಿರೋಧ 2. ಒಪ್ಪಿಗೆ ಇಲ್ಲದ ಐವತ್ತಕ್ಕೂ ಹೆಚ್ಚು ಬಿಷಪರು ಪೋಪ್ ಎದುರು ಬೇಡ ಅನ್ನಲು ಮನಸ್ಸಿಲ್ಲದೆ ಮೊದಲೇ ರೋಮ್ ಬಿಟ್ಟಿದ್ದರು. ಓಟಿನ ಹೊತ್ತಿಗೆ ಗುಡುಗು ಸಿಡಿಲು ಬೇರೆ. ಎರಡೂ ಕಡೆಯವರು ಅದು ತಮ್ಮ ಪರ ಅಂದುಕೊಂಡರು.

ಕೋಟೆ ಏರಿಯಾ ತಾತ:

ಓಟಿನ ಲೆಕ್ಕ ಬಂದದ್ದಕ್ಕೆ ನನ್ನದೂ ಒಂದು. 1963 ಡಿಸೆಂಬರ್ 4, ಎರಡನೇ ವ್ಯಾಟಿಕನ್ ಮಹಾಸಭೆ. ಪೂಜಾವಿಧಿ ಬದಲಾಯಿಸಲು ಪರ 2,147, ವಿರೋಧ 4. ಆಗ ನನಗೆ ಒಂಬತ್ತು ವರ್ಷ, ಈ ಬಳ್ಳಾರಿಯಲ್ಲೇ ಪೂಜೆಗೆ ಸಹಾಯ ಮಾಡುವ ಹುಡುಗ. ರೋಮ್‌ನಲ್ಲಿ ನನ್ನ ಕೆಲಸ ಹೋಗುತ್ತಿದೆ ಅಂತ ನನಗೇನು ಗೊತ್ತು?

ಆಗ ಪಾದ್ರಿ ನಮಗೆ ಬೆನ್ನು ಹಾಕಿ ಪೂಜೆ ಮಾಡುತ್ತಿದ್ದರು. ಎಲ್ಲ ಲ್ಯಾಟಿನ್. ಜನ ಜಪಸರ ಹಿಡಿದು ಕೂತಿರುತ್ತಿದ್ದರು, ಉತ್ತರ ಹೇಳುವವರು ನಾವು ಇಬ್ಬರು ಹುಡುಗರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಚರ್ಚಿನಲ್ಲಿ ಲ್ಯಾಟಿನ್. ಅಪ್ಪ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದರು. ಪಾದ್ರಿ ಮೆಟ್ಟಿಲ ಬುಡದಲ್ಲಿ ನಿಂತು "ಇಂತ್ರೊಈಬೊ ಅದ್ ಅಲ್ತಾರೆ ದೇಯಿ" ಅನ್ನಬೇಕು. ನಾನು "ಅದ್ ದೇವುಂ ಕ್ವಿ ಲೇತಿಫಿಕಾತ್ ಯುವೆಂತೂತೆಂ ಮೇಆಂ" ಅನ್ನಬೇಕು. ಉಸಿರು ಬಿಡದೆ ಅಂದುಬಿಡುತ್ತಿದ್ದೆ. ಅದರಲ್ಲಿ 'ದೇವ' ಮತ್ತು 'ಯುವ' ಇದ್ದ ಹಾಗೆ ಕೇಳುತ್ತಿತ್ತು. ಸುಮ್ನೆ ಹಾಗೆ ಕೇಳುತ್ತದೆ ಅಂದುಕೊಂಡಿದ್ದೆ. ನಲವತ್ತು ದಾಟಿದ ಮೇಲೆ ಒಬ್ಬ ಪಾದ್ರಿ ಅರ್ಥ ಹೇಳಿದರು. ನನ್ನ ಯೌವನಕ್ಕೆ ಸಂತೋಷ ಕೊಡುವ ದೇವರ ಬಳಿಗೆ ಅಂತ. ಯೌವನ ಮುಗಿದ ಮೇಲೆ ಗೊತ್ತಾಯಿತು.

ಕೆಲವು ವರ್ಷದಲ್ಲಿ ಒಂದು ಭಾನುವಾರ ಪಾದ್ರಿ ನಮ್ಮ ಕಡೆ ತಿರುಗಿ ನಿಂತು ಕನ್ನಡದಲ್ಲಿ ಶುರು ಮಾಡಿದರು. ಇಡೀ ಚರ್ಚು ಉತ್ತರ ಕೊಟ್ಟಿತು. ನಮ್ಮಜ್ಜಿಗೆ ಮಾತ್ರ ಸಿಟ್ಟು. "ದೇವರಿಗೇ ಬೆನ್ನು ಹಾಕಿದರಲ್ಲಾ" ಅಂದಳು. ನೋಟ್‌ಬುಕ್ ಇನ್ನೂ ಇದೆ, ಅರ್ಧ ಗೆದ್ದಲು ತಿಂದಿದೆ.

ಕೌಲ್‌ಬಜಾರ್ ಕಟಿಂಗ್ ಮಾಸ್ಟರ್:

ತಾತಾ, ಆ ನೋಟ್‌ಬುಕ್ ಒಂದು ಸಲ ಮಕ್ಕಳಿಗೆ ತೋರಿಸಬೇಕು. ಮನೆಗೆ ಬರುತ್ತೇನೆ.

ಮಾಸ್ತರ್, 'ಅದೇ' ಮತ್ತು 'ಅಂಥದೇ' ನನಗೆ ತಕ್ಷಣ ಹತ್ತಿತು. ನಮ್ಮಲ್ಲಿ ಒಂದು ಪ್ಯಾಂಟಿನ ಎಲ್ಲ ತುಂಡೂ ಒಂದೇ ರೋಲ್‌ನಿಂದ ಬರಬೇಕು. ಅದಕ್ಕೇ ತುಂಡು ತುಂಡಿಗೂ ನಂಬರ್ ಹಚ್ಚುತ್ತೇವೆ. ಬೇರೆ ರೋಲ್‌ನ ತುಂಡು ಸೇರಿದರೆ ಹೊಲಿಯುವಾಗ ಕಣ್ಣಿಗೆ ಕಾಣುವುದಿಲ್ಲ, ಅಂಥದೇ ನೀಲಿ. ವಾಶಿಂಗ್‌ಗೆ ಹೋಗಿ ಬಂದ ಮೇಲೆ ಒಂದು ಕಾಲು ಒಂದು ಬಣ್ಣ, ಇನ್ನೊಂದು ಕಾಲು ಇನ್ನೊಂದು ಬಣ್ಣ. ಯೇಸು ಅದೇ ರೋಲ್, ಅಂಥದೇ ರೋಲ್ ಅಲ್ಲ. ಹೀಗೆ ಹೇಳಬಹುದಾ?

ಮುದಗಲ್ಲಿನ ಮಾಸ್ತರ:

ಭಲೇ. ಆದರೆ ಒಂದು ಹುಷಾರು. ರೋಲ್‌ನಿಂದ ತುಂಡು ಕತ್ತರಿಸಿದರೆ ರೋಲ್ ಕಡಿಮೆಯಾಗುತ್ತದೆ. ಆ ಹುಡುಗಿ ಅಲ್ಲೇ ಹಿಡಿಯುತ್ತಾಳೆ. ನೈಸಿಯಾದವರು ಅದಕ್ಕೇ 'ಬೆಳಕಿನಿಂದ ಬೆಳಕು' ಅಂದದ್ದು. ದೀಪದಿಂದ ದೀಪ ಹಚ್ಚಿದರೆ ಮೊದಲನೇ ದೀಪಕ್ಕೆ ಏನೂ ಕಡಿಮೆ ಆಗುವುದಿಲ್ಲ. ರೋಲ್ ಹೇಳಿ, ಬೆನ್ನಿಗೇ ದೀಪ ಹೇಳಿ.

ಕೌಲ್‌ಬಜಾರ್ ಕಟಿಂಗ್ ಮಾಸ್ಟರ್:

ಇವತ್ತು ಪಾಠ ಆಯಿತು. ಯೂನಿಟ್‌ನಿಂದ ಎರಡು ತುಂಡು ಡೆನಿಮ್ ತಂದಿದ್ದೆ, ವಾಶ್ ಆದದ್ದು. ಎರಡು ಮೇಣದ ಬತ್ತಿಯೂ ಇಟ್ಟುಕೊಂಡಿದ್ದೆ. ಪ್ಲಿನಿ ಪತ್ರ, ರಿಮಿನಿಯ ನಾನೂರು ಸಹಿ ಎಲ್ಲ ಹೇಳಿದೆ. ಹುಡುಗರಿಗೆ ಡೆನಿಮ್ ಹಿಡಿಸಿತು. ಅವಳು ಎರಡು ತುಂಡನ್ನೂ ಕಿಟಕಿ ಹತ್ತಿರ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒಪ್ಪಿದಳು ಅಂದುಕೊಂಡೆ.

ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳಿದಳು. "ಸರ್, ಸಹಿ ಹಾಕಲಿಲ್ಲ ಅಂದ್ರಲ್ಲ, ಆ ಇಬ್ಬರ ಹೆಸರೇನು?"

ಮುದಗಲ್ಲಿನ ಮಾಸ್ತರ:

ಸೆಕುಂದುಸ್, ಥಿಯೋನಾಸ್. ಬರೆದುಕೊಳ್ಳಲಿ.